ಸೈಕಲ್ ಹ್ಯಾಂಡಲ್ ಹೊಟ್ಟೆಗೆ ಚುಚ್ಚಿದಾಗ

ಸಂಜೆ ಐದರ ನಂತರ ನಿಮ್ಮ ಬೀದಿಯಲ್ಲಿ ಒಮ್ಮೆ ನಿಂತು ನೋಡಿ. ಸಣ್ಣ ಚಕ್ರದ ಸೈಕಲ್‌ಗಳ ಮೇಲೆ ಹತ್ತು ಹನ್ನೆರಡು ವರ್ಷದ ಹುಡುಗರ ದಂಡೇ ಇರುತ್ತದೆ. ಅಂಗಡಿಯಿಂದ ತಂದಾಗ ಇದ್ದ ಮಡ್‌ಗಾರ್ಡ್, ಸ್ಟ್ಯಾಂಡ್, ಬೆಲ್ಲು ಈಗ ಮಾಯವಾಗಿವೆ. ಸೀಟು ಪೂರ್ತಿ ಕೆಳಗಿಳಿದಿದೆ. ಹಿಂದಿನ ಚಕ್ರದ ಎರಡೂ ಬದಿಗೆ ಗಿಡ್ಡನೆಯ ಕಬ್ಬಿಣದ ಕೊಳವೆಗಳು, ಅದರ ಮೇಲೆ ಗೆಳೆಯನ ಸವಾರಿ. ಬ್ರೇಕ್ ತಂತಿ ಕಿತ್ತು ಹಾಕಿದ್ದಾರೆ. ವೀಲಿಂಗ್ ಮಾಡಿ ನಾಲ್ಕು ಮಾರು ಹೋದವನೇ ಆ ಸಂಜೆಯ ಹೀರೋ.

ಈ ಗೀಳು ನಮ್ಮಲ್ಲಿ ಹುಟ್ಟಿದ್ದಲ್ಲ. 1970ರ ಆಸುಪಾಸಿನಲ್ಲಿ ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಮಣ್ಣಿನ ಹಾದಿಯ ಮೋಟಾರ್‌ಸೈಕಲ್ ರೇಸುಗಳನ್ನು ಕಂಡು, ತಮ್ಮ 20 ಇಂಚು ಚಕ್ರದ ಸೈಕಲ್‌ಗಳನ್ನು ಬಿಚ್ಚಿ ಜೋಡಿಸಿ ಹಾಗೆಯೇ ಓಡಿಸತೊಡಗಿದರು. ಅದೇ ಬಿ.ಎಂ.ಎಕ್ಸ್. ಅದರ ರೇಸ್ 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್ ಸೇರಿತು. ಗಾಳಿಯಲ್ಲಿ ಪಲ್ಟಿ ಹೊಡೆಯುವ ಫ್ರೀಸ್ಟೈಲ್ 2021ರಲ್ಲಿ ಟೋಕಿಯೋದಲ್ಲಿ ಸೇರಿತು. ಬೆಟ್ಟದ ಬಂಡೆಗಳಿಂದ ಹಾರುವ ಫ್ರೀರೈಡ್ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 1990ರ ದಶಕದಲ್ಲಿ ಬೆಳೆದದ್ದು. ಇವೆಲ್ಲ ಈಗ ಅಪ್ಪನ ಮೊಬೈಲಿನಲ್ಲೇ ನೋಡಸಿಗುತ್ತವೆ.

ಹುಡುಗರು ಸೈಕಲ್ ತುಳಿಯುವುದಕ್ಕೆ ನನ್ನ ತಕರಾರಿಲ್ಲ. ಮನೆಯೊಳಗೆ ಕುಳಿತು ಕುರುಕಲು ತಿಂದು ಊದಿಕೊಳ್ಳುವುದಕ್ಕಿಂತ ಅದು ಎಷ್ಟೋ ಮೇಲು. ಸೈಕಲ್‌ನ ಭಾಗಗಳನ್ನು ಕಿತ್ತು ಹಾಕುವುದೂ ಬರೀ ಶೋಕಿಯಲ್ಲ. ಹ್ಯಾಂಡಲ್ಲನ್ನು ಪೂರ್ತಿ ಒಂದು ಸುತ್ತು ತಿರುಗಿಸುವವನಿಗೆ ಬ್ರೇಕ್ ತಂತಿ ಸುತ್ತಿಕೊಳ್ಳುತ್ತದೆ, ಅದಕ್ಕೇ ಕೆಲವರು ಬ್ರೇಕನ್ನೇ ತೆಗೆಯುತ್ತಾರೆ. ಆದರೆ ನುರಿತ ಸವಾರ ಹ್ಯಾಂಡಲ್ ತುದಿಯನ್ನು ಬರಿದಾಗಿ ಬಿಡುವುದಿಲ್ಲ. ಅಂತಾರಾಷ್ಟ್ರೀಯ ಬಿ.ಎಂ.ಎಕ್ಸ್. ರೇಸಿನ ನಿಯಮದಲ್ಲೇ ಗ್ರಿಪ್ ಹ್ಯಾಂಡಲ್ಲಿನ ತುದಿಯನ್ನು ಪೂರ್ತಿ ಮುಚ್ಚಿರಬೇಕೆಂದಿದೆ. ನಮ್ಮ ಬೀದಿಯ ಸೈಕಲ್‌ಗಳಲ್ಲಿ ಮೊದಲು ಹರಿದು ಹೋಗುವುದೇ ಅದು. ನಾಲ್ಕು ಸಲ ನೆಲಕ್ಕೆ ಬಿದ್ದರೆ ರಬ್ಬರು ತೂತಾಗಿ ಕಬ್ಬಿಣ ಹೊರಬರುತ್ತದೆ. ಹುಡುಗನಿಗೆ ಅದು ಲೆಕ್ಕಕ್ಕಿಲ್ಲ, ನಮಗೂ ಕಾಣುವುದಿಲ್ಲ.

ಆ ಕೊಳವೆಯ ಅಡ್ಡಳತೆ ಸುಮಾರು 22 ಮಿಲಿಮೀಟರ್, ಹೆಚ್ಚು ಕಡಿಮೆ ಒಂದು ರೂಪಾಯಿ ನಾಣ್ಯದಷ್ಟು. ಸೈಕಲ್ ವೇಗವಾಗಿ ಹೋಗಬೇಕೆಂದೇನೂ ಇಲ್ಲ. ನಿಧಾನವಾಗಿ ಹೋಗುವಾಗಲೇ ಮುಂದಿನ ಚಕ್ರ ಅಡ್ಡ ತಿರುಗಿ, ಹ್ಯಾಂಡಲ್ಲಿನ ಒಂದು ತುದಿ ನೆಲಕ್ಕೆ ಊರಿ, ಇನ್ನೊಂದು ತುದಿ ಮೇಲಕ್ಕೆ ನಿಲ್ಲುತ್ತದೆ. ಮೂವತ್ತು ಕಿಲೋ ತೂಕದ ಹುಡುಗ ಅದರ ಮೇಲೆ ಹೊಟ್ಟೆಯೂರಿ ಬೀಳುತ್ತಾನೆ. ಆ ಭಾರವೆಲ್ಲ ಒಂದು ನಾಣ್ಯದಗಲಕ್ಕೆ. ಅಂಚು ಬರಿದಾಗಿದ್ದರೆ, ಪೂರಿ ಹಿಟ್ಟನ್ನು ಡಬ್ಬಿಯ ಮುಚ್ಚಳದಿಂದ ಕತ್ತರಿಸಿದಂತೆ ಚರ್ಮವನ್ನೇ ಕತ್ತರಿಸಬಹುದು. ಹಾಗೆ ಗಾಯವಾದರೆ ಒಂದು ಲೆಕ್ಕದಲ್ಲಿ ವಾಸಿ, ತಕ್ಷಣ ಆಸ್ಪತ್ರೆಗೆ ಓಡುತ್ತೀರಿ. ಮೇಲೆ ಏನೂ ಕಾಣದಿದ್ದಾಗಲೇ ಮೋಸ.

ನಾನೇ ಮೋಸ ಹೋದದ್ದನ್ನು ಹೇಳುತ್ತೇನೆ. ಹನ್ನೊಂದು ವರ್ಷದ ಹುಡುಗನನ್ನು ಅವನ ತಾಯಿ ಒಂದು ಮಂಗಳವಾರ ಕರೆತಂದರು. ಬೆಳಗಿನಿಂದ ವಾಂತಿ. ಭಾನುವಾರ ಗಾಡಿಯಲ್ಲಿ ಗೋಬಿ ಮಂಚೂರಿ ತಿಂದಿದ್ದನಂತೆ. ಹೊರಗೆ ರೋಗಿಗಳ ಸಾಲಿತ್ತು. ಅಂಗಿಯ ಮೇಲಿಂದಲೇ ಹೊಟ್ಟೆ ಮುಟ್ಟಿ, ವಾಂತಿ ನಿಲ್ಲಲು ಮಾತ್ರೆ, ಓ.ಆರ್.ಎಸ್. ಬರೆದುಕೊಟ್ಟೆ. ಮಾರನೆಯ ದಿನ ಹುಡುಗ ಮತ್ತೆ ಬಂದ, ವಾಂತಿ ಹಸಿರಾಗಿತ್ತು. ಅಂಗಿ ಎತ್ತಿದರೆ ಹೊಕ್ಕುಳಿನ ಮೇಲೆ ನಾಲ್ಕು ಬೆರಳು ದೂರದಲ್ಲಿ ಮಾಸಿದ ದುಂಡನೆಯ ಗುರುತು. ತಾಯಿಯನ್ನು ಹೊರಗೆ ಕಳಿಸಿ ಕೇಳಿದಾಗ ಬಾಯಿಬಿಟ್ಟ. ಸೋಮವಾರ ಸಂಜೆ ವೀಲಿಂಗ್ ಮಾಡುವಾಗ ಬಿದ್ದಿದ್ದ. ಅಪ್ಪನಿಗೆ ಹೇಳದೆ ಬ್ರೇಕ್ ತೆಗೆಸಿದ್ದನಾದ್ದರಿಂದ ಬಾಯಿ ಮುಚ್ಚಿಕೊಂಡಿದ್ದ. ದೊಡ್ಡಾಸ್ಪತ್ರೆಯ ಸಿ.ಟಿ. ಸ್ಕ್ಯಾನ್‌ನಲ್ಲಿ ಸಣ್ಣಕರುಳಿನ ಮೊದಲ ಭಾಗವಾದ ಡುವೋಡಿನಂನ ಗೋಡೆಯೊಳಗೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿರುವುದು ಕಂಡಿತು. ಬಾಯಿಂದ ಏನೂ ಕೊಡದೆ, ಮೂಗಿನಲ್ಲಿ ನಳಿಕೆ ಹಾಕಿ, ಡ್ರಿಪ್ಪಿನ ಮೇಲೆ ಹನ್ನೆರಡು ದಿನ ಇಟ್ಟರು. ಆಪರೇಷನ್ ಬೇಕಾಗಲಿಲ್ಲ.

ಮಕ್ಕಳ ಹೊಟ್ಟೆಯ ಗೋಡೆ ತೆಳು, ಪಕ್ಕೆಲುಬು ಎಳೆಯದು, ಪೆಟ್ಟನ್ನು ತಡೆಯದೆ ಬಾಗುತ್ತದೆ. ಡುವೋಡಿನಂ ಮತ್ತು ಮೇದೋಜೀರಕ ಗ್ರಂಥಿ ಬೆನ್ನುಮೂಳೆಯ ಮುಂದೆಯೇ ಇವೆ. ಹ್ಯಾಂಡಲ್ ಮುಂದಿನಿಂದ ಒತ್ತಿದರೆ ಕಲ್ಲಿನ ಮೇಲಿಟ್ಟು ಜಜ್ಜಿದಂತೆ. ಬಲಕ್ಕೆ ತಾಗಿದರೆ ಯಕೃತ್ತು, ಎಡಕ್ಕೆ ತಾಗಿದರೆ ಗುಲ್ಮ. ಗುಲ್ಮ ಒಡೆದು ರಕ್ತ ಸೋರಿದಾಗ ಕೆಲವು ಮಕ್ಕಳು ಹೊಟ್ಟೆಗಿಂತ ಎಡ ಭುಜ ನೋಯುತ್ತದೆ ಎನ್ನುತ್ತಾರೆ. ಸೋರಿದ ರಕ್ತ ವಪೆಯನ್ನು ಕೆರಳಿಸುವುದರಿಂದ ನೋವು ಭುಜದಲ್ಲಿ ಕಾಣಿಸುತ್ತದೆ. ಭುಜಕ್ಕೆ ಮುಲಾಮು ಹಚ್ಚಿ ಮಲಗಿಸಬೇಡಿ.

ಆದ್ದರಿಂದ ಹ್ಯಾಂಡಲ್ ಹೊಟ್ಟೆಗೆ ತಾಗಿದ ಮಗುವನ್ನು, ಗುರುತು ಎಷ್ಟೇ ಚಿಕ್ಕದಿರಲಿ, ಅದೇ ದಿನ ವೈದ್ಯರಿಗೆ ತೋರಿಸಿ. ‘ಸೈಕಲಿಂದ ಬಿದ್ದ’ ಎಂದಷ್ಟೇ ಹೇಳದೆ ‘ಹ್ಯಾಂಡಲ್ ಹೊಟ್ಟೆಗೆ ಚುಚ್ಚಿತು’ ಎಂದು ಹೇಳಿ. ಹೊಟ್ಟೆಗೆ ಎಣ್ಣೆ ಹಚ್ಚಿ ನೀವಬೇಡಿ, ಶಾಖ ಕೊಡಬೇಡಿ, ವೈದ್ಯರು ನೋಡುವವರೆಗೆ ತಿನ್ನಲು ಕುಡಿಯಲು ಏನನ್ನೂ ಕೊಡಬೇಡಿ. ಮೊದಲ ಅಲ್ಟ್ರಾಸೌಂಡ್ ಸರಿಯಿದೆ ಎಂದ ಮೇಲೂ ನೋವು ಹೆಚ್ಚುತ್ತಿದ್ದರೆ ಮತ್ತೆ ಹೋಗಿ, ಏಕೆಂದರೆ ಕೆಲವು ಪೆಟ್ಟುಗಳು ಅದರಲ್ಲಿ ಕಾಣುವುದಿಲ್ಲ. ಮುಖ ಬಿಳಿಚಿ ತಣ್ಣನೆ ಬೆವರುವುದು, ನಾಡಿ ಓಡುವುದು, ಹೊಟ್ಟೆ ಗಟ್ಟಿಯಾಗುವುದು, ಹಸಿರು ವಾಂತಿ, ಮೂತ್ರದಲ್ಲಿ ರಕ್ತ, ನೆಟ್ಟಗೆ ನಿಲ್ಲಲಾಗದೆ ಬಾಗಿಕೊಂಡು ನಡೆಯುವುದು, ಇದರಲ್ಲಿ ಯಾವುದೊಂದು ಕಂಡರೂ 108ಕ್ಕೆ ಫೋನ್ ಮಾಡಿ.

ಬೈಯುವುದಿದ್ದರೆ ಮಗ ಮನೆಗೆ ಬಂದ ಮೇಲೆ ಬೈಯಿರಿ. ಬೈಗುಳದ ಹೆದರಿಕೆಗೇ ಆ ಹುಡುಗನಿಗೆ ಚಿಕಿತ್ಸೆ ಎರಡು ದಿನ ತಡವಾಯಿತು.

ಇವತ್ತೇ ಸೈಕಲ್ ಹತ್ತಿರ ಹೋಗಿ ಗ್ರಿಪ್ಪಿನ ತುದಿ ಮುಟ್ಟಿ ನೋಡಿ. ಕಬ್ಬಿಣ ಕೈಗೆ ಸಿಕ್ಕಿದರೆ ಸೈಕಲ್ ಶಾಪಿನಲ್ಲಿ ಹೊಸ ಗ್ರಿಪ್ ಹಾಕಿಸಿ, ಕೊಳವೆಯ ಬಾಯಿಗೆ ಬಿರಡೆಯನ್ನೂ ಕೇಳಿ. ಹಿಂದಿನ ಬ್ರೇಕ್ ಇರಲಿ. ಮೇಲೆ ಹೇಳಿದ ರೇಸುಗಳಲ್ಲೂ ಅದು ಕಡ್ಡಾಯ. ವೀಲಿಂಗ್ ಬಿಡಿಸಲು ನಿಮ್ಮಿಂದ ಆಗದಿದ್ದರೆ, ಅದು ವಾಹನ ಓಡಾಡದ ಮೈದಾನದಲ್ಲಿ, ಹೆಲ್ಮೆಟ್ ಹಾಕಿಕೊಂಡು ನಡೆಯಲಿ. ಗುಲ್ಮಕ್ಕೋ ಯಕೃತ್ತಿಗೋ ಪೆಟ್ಟಾಗಿ ಮನೆಗೆ ಬಂದ ಮಗುವಿಗೆ ವೈದ್ಯರು ಹೇಳಿದಷ್ಟು ವಾರ ಸೈಕಲ್ ಬೇಡ, ಕ್ರಿಕೆಟ್ಟೂ ಬೇಡ. ಮೇದೋಜೀರಕಕ್ಕೆ ಪೆಟ್ಟಾಗಿದ್ದರೆ ಕೆಲವು ವಾರಗಳ ಮೇಲೂ ಅಲ್ಲಿ ನೀರು ತುಂಬಿದ ಗಡ್ಡೆ ಬೆಳೆಯಬಹುದು. ಊಟ ಸೇರದೆ ಮೇಲುಹೊಟ್ಟೆ ಉಬ್ಬಿದರೆ ಹಳೆಯ ಚೀಟಿಯ ಸಮೇತ ಅದೇ ಆಸ್ಪತ್ರೆಗೆ ಕರೆದೊಯ್ಯಿರಿ.