ಕುಂಕುಮದ ಕೆಂಪು

ಆರತಿಯ ತಟ್ಟೆಯ ಓಕುಳಿಯನ್ನು ನೀವು ಕಂಡಿದ್ದೀರಿ. ಹಳದಿಯಾದ ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದೊಡನೆ ಅದು ಕೆಂಪಾಗುತ್ತದೆ. ಅರಿಸಿನದಲ್ಲಿರುವ ಕರ್ಕ್ಯುಮಿನ್ ಎಂಬ ದ್ರವ್ಯವು ಕ್ಷಾರದ ಸಂಪರ್ಕದಿಂದ ಬಣ್ಣ ಬದಲಿಸುವುದೇ ಇದಕ್ಕೆ ಕಾರಣ. ನಮ್ಮ ಹಿರಿಯರು ಕುಂಕುಮವನ್ನು ಸಿದ್ಧಪಡಿಸುತ್ತಿದ್ದುದೂ ಅರಿಸಿನದಿಂದಲೇ. ಅರಿಸಿನದ ಕೊಂಬುಗಳನ್ನು ನಿಂಬೆಯ ರಸ ಮತ್ತು ಬಿಳಿಗಾರಗಳಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸಿ, ಕುಟ್ಟಿ, ಬಟ್ಟೆಯಲ್ಲಿ ಸೋಸುತ್ತಿದ್ದರು. ಈ ಕೆಲಸಕ್ಕೆ ಹಲವು ದಿನಗಳು ಹಿಡಿಯುತ್ತಿದ್ದವು. ದೊರೆಯುತ್ತಿದ್ದ ಬಣ್ಣವೂ ಕಣ್ಣು ಕೋರೈಸುವಂಥದಲ್ಲ.

ಪೇಟೆಯಲ್ಲಿ ದೊರೆಯುವ ಅನೇಕ ಕುಂಕುಮಗಳ ಹೊಳಪು ಅರಿಸಿನದ್ದಲ್ಲ. ಅಗ್ಗದ ಪುಡಿಗೆ ಬೆರೆಸಿದ ಕೃತಕ ವರ್ಣದ್ರವ್ಯದ್ದು. ಅಂಥ ವರ್ಣಗಳಿಂದ ಕೆಲವರ ಹಣೆಯಲ್ಲಿ ತುರಿಕೆಯೆದ್ದು, ಕಪ್ಪು ಕಲೆ ಉಳಿಯುತ್ತದೆ. ಇದಕ್ಕಿಂತ ಕೇಡಿನದು ಸೀಸ. ಸೀಸದ ಕೆಂಪು ಆಕ್ಸೈಡಿಗೆ ಸಿಂಧೂರವೆಂಬ ಹೆಸರು ಹಳೆಯದು. ಆಂಜನೇಯನ ವಿಗ್ರಹಕ್ಕೆ ಬಳಿಯುತ್ತಿದ್ದುದು ಅದನ್ನೇ. ಅಮೆರಿಕದ ನ್ಯೂಜೆರ್ಸಿಯಲ್ಲಿಯೂ ನಮ್ಮ ಮುಂಬಯಿ, ದೆಹಲಿಗಳಲ್ಲಿಯೂ ಕೊಂಡ ಸಿಂಧೂರದ ೧೧೮ ಮಾದರಿಗಳನ್ನು ಪರೀಕ್ಷಿಸಿದ ವರದಿಯೊಂದು ೨೦೧೭ರಲ್ಲಿ ಪ್ರಕಟವಾಯಿತು. ಹತ್ತರಲ್ಲಿ ಸುಮಾರು ಎಂಟು ಮಾದರಿಗಳಲ್ಲಿ ಸೀಸವಿತ್ತು.

ಈ ಸೀಸವು ಚರ್ಮದ ಮೂಲಕ ಹೆಚ್ಚಾಗಿ ಒಳಸೇರದು. ಕೈಯಿಂದ ಬಾಯಿಗೆ ಹೋಗುತ್ತದೆ. ತಾಯಿಯ ಹಣೆಯನ್ನು ಮುಟ್ಟಿದ ಕೂಸು ಬೆರಳನ್ನು ಚೀಪುತ್ತದೆ. ದೇಹವು ಸೀಸವನ್ನು ಸುಣ್ಣದ ಅಂಶವೆಂದೇ ಬಗೆದು ಎಲುಬುಗಳಲ್ಲಿ ಕೂಡಿಡುತ್ತದೆ. ಬೆಳೆಯುವ ಮೆದುಳಿಗೆ ಅದರಿಂದಾಗುವ ಹಾನಿಯನ್ನು ಸರಿಪಡಿಸುವ ಔಷಧವಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶರು ಈ ಸೀಸದ ಬೆನ್ನು ಹತ್ತಿದವರು. ನಮ್ಮ ನಗರಗಳಲ್ಲಿ ನಡೆಸಿ ೧೯೯೯ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಪರೀಕ್ಷೆಗೊಳಗಾದ ಮಕ್ಕಳ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ ಸೀಸವು ಅಂದಿನ ಮಿತಿಯನ್ನು ಮೀರಿತ್ತು. ಅಂದು ಮುಖ್ಯ ಅಪರಾಧಿ ಪೆಟ್ರೋಲು. ೨೦೦೦ದಲ್ಲಿ ಪೆಟ್ರೋಲಿನಿಂದ ಸೀಸವನ್ನು ತೆಗೆದರು. ಮನೆಯೊಳಗಿನ ಡಬ್ಬಿಗಳಿಂದ ತೆಗೆಯುವುದು ಅಷ್ಟು ಸುಲಭವಾಗಲಿಲ್ಲ.

ನಿಂಬೆರಸ ಹಿಂಡಿದಾಗ ಹಳದಿಗೆ ತಿರುಗುವ ಕುಂಕುಮವೇ ಶುದ್ಧವೆಂದು ಕೆಲವರು ಹೇಳುವುದುಂಟು. ಈ ಪರೀಕ್ಷೆ ನಂಬತಕ್ಕದ್ದಲ್ಲ. ಸುಣ್ಣದಿಂದಾದ ಕೆಂಪು ಆಮ್ಲ ತಗಲಿದರೆ ಅಳಿಯುವುದು ನಿಜ. ಬಿಳಿಗಾರದಿಂದಾದ ಕೆಂಪು ಹಾಗೆ ಅಳಿಯದು. ಸೀಸವಂತೂ ಪ್ರಯೋಗಾಲಯದಲ್ಲಿ ಮಾತ್ರ ಪತ್ತೆಯಾಗುತ್ತದೆ. ಬಣ್ಣಕ್ಕಾಗಿ ಸೀಸದ ಸಂಯುಕ್ತಗಳನ್ನು ಪ್ರಸಾಧನ ಸಾಮಗ್ರಿಗಳಲ್ಲಿ ಬಳಸಕೂಡದೆಂದು ೨೦೨೦ರ ನಿಯಮಗಳು ವಿಧಿಸುತ್ತವೆ. ತಯಾರಕರ ವಿಳಾಸವನ್ನೂ ಒಳಗಿನ ದ್ರವ್ಯಗಳನ್ನೂ ಡಬ್ಬಿಯ ಮೇಲೆ ಮುದ್ರಿಸಬೇಕು. ಜಾತ್ರೆಯಲ್ಲಿ ರಾಶಿ ಹಾಕಿ ಅಳೆದು ಕೊಡುವ ಪುಡಿಗೆ ವಿಳಾಸವೆಲ್ಲಿಯದು?

ಪುಡಿಯ ತೊಡಕೇ ಬೇಡವೆಂದು ಅಂಟಿಸುವ ಬೊಟ್ಟನ್ನು ಆರಿಸಿಕೊಂಡವರಿಗೆ ಬೇರೊಂದು ತೊಡಕು ಎದುರಾಯಿತು. ಕೆಲವು ಬೊಟ್ಟುಗಳ ಅಂಟಿನಲ್ಲಿ ಪ್ಯಾರಾ ಟರ್ಷಿಯರಿ ಬ್ಯೂಟೈಲ್ ಫೀನಾಲ್ ಎಂಬ ರಾಸಾಯನಿಕವಿರುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಕಣಗಳನ್ನೇ ಅದು ಕೊಲ್ಲಬಲ್ಲುದು. ಆಗ ಬೊಟ್ಟಿದ್ದ ಜಾಗದಲ್ಲಿ, ಬೊಟ್ಟಿನಷ್ಟೇ ಗುಂಡಾಗಿ, ಬಿಳಿಯ ಮಚ್ಚೆ ಮೂಡುತ್ತದೆ. ನೋಡಿದವರು ತೊನ್ನೆಂದು ಪಿಸುಗುಟ್ಟುತ್ತಾರೆ. ಹುಡುಗಿಯ ಮದುವೆಯ ಮಾತೂ ಅಲ್ಲಿಗೇ ನಿಲ್ಲುವುದುಂಟು. ತೊನ್ನಾದರೂ ಅಂಟುರೋಗವಲ್ಲ, ಇದಂತೂ ಅಂಟಿನ ಕೆಲಸ. ಬೊಟ್ಟನ್ನು ಬಿಟ್ಟು ಚರ್ಮವೈದ್ಯರ ಬಳಿಗೆ ಬೇಗ ಹೋದ ಹಲವರಲ್ಲಿ ಮಚ್ಚೆಯ ಅಂಚಿನಿಂದ ಬಣ್ಣವು ತಿಂಗಳುಗಟ್ಟಲೆ ನಿಧಾನವಾಗಿ ಮರಳುತ್ತದೆ. ಕೆಲವರಲ್ಲಿ ಮರಳುವುದೇ ಇಲ್ಲ.