ದೂರದ ಕಣ್ಣು

ಒಂದು ಎಡೆಯಲ್ಲಿದ್ದುಕೊಂಡು ಇನ್ನೊಂದು ಎಡೆಯಲ್ಲಿ ನಡೆಯುವುದನ್ನು ಕಾಣಬೇಕೆಂಬುದು ಮಾನವನ ಬಹುಕಾಲದ ಬಯಕೆ. ಸಂಜಯನು ಅರಮನೆಯಲ್ಲಿ ಕುಳಿತು ಕುರುಕ್ಷೇತ್ರದ ಯುದ್ಧವನ್ನು ಧೃತರಾಷ್ಟ್ರನಿಗೆ ಬಣ್ಣಿಸಿದ ಕಥೆ ನಮಗೆಲ್ಲ ತಿಳಿದುದೇ. ಇಂದು ಕಾಚಿಗುಡದ ವರ್ತಕನೊಬ್ಬನು ರಾಯಚೂರಿಗೆ ಹೋಗಿದ್ದರೂ ತನ್ನ ಅಂಗಡಿಯ ಬಾಗಿಲನ್ನು ಬ್ರೌಸರಿನಲ್ಲಿ ನೋಡಬಲ್ಲನು. ಇದು ಹೇಗೆ ಸಾಧ್ಯವೆಂಬುದನ್ನು ವಿಚಾರಮಾಡೋಣ.

ಈ ಪದ್ಧತಿಯ ಹುಟ್ಟು ವಿನೋದಕರವಾದುದು. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಹಲವರಿಗೆ ಒಂದೇ ಕಾಫಿಯ ಪಾತ್ರೆಯಿತ್ತು. ದೂರದಿಂದ ಬಂದವರು ಬರಿದಾದ ಪಾತ್ರೆಯನ್ನು ಕಂಡು ಹಿಂದಿರುಗಬೇಕಾಗುತ್ತಿತ್ತು. 1991ರಲ್ಲಿ ಕ್ವೆಂಟಿನ್ ಸ್ಟಾಫರ್ಡ್-ಫ್ರೇಜರ್ ಮತ್ತು ಪಾಲ್ ಜಾರ್ಡೆಟ್ಸ್ಕಿ ಎಂಬವರು ಪಾತ್ರೆಯೆದುರು ಕ್ಯಾಮೆರಾ ಇರಿಸಿ, ಅದರ ಚಿತ್ರವು ಎಲ್ಲರ ಮೇಜಿನ ಮೇಲೂ ಕಾಣುವಂತೆ ಏರ್ಪಡಿಸಿದರು. 1993ರಲ್ಲಿ ಅದು ವೆಬ್ಬಿಗೆ ಬಂದು ಲೋಕಪ್ರಸಿದ್ಧವಾಯಿತು. 2001ರ ಆಗಸ್ಟಿನಲ್ಲಿ ನಿಂತಿತು.

ಕ್ಯಾಮೆರಾದ ಮಸೂರವು ಬೆಳಕನ್ನು ಒಂದು ಸಣ್ಣ ಫಲಕದ ಮೇಲೆ ಕೂಡಿಸುವುದು. ಅದರಲ್ಲಿ ಸಾಲುಸಾಲಾಗಿ ಬಿಂದುಗಳುಂಟು. ಅಡ್ಡಲಾಗಿ 1920, ಉದ್ದಕ್ಕೆ 1080 ಬಿಂದುಗಳಿದ್ದರೆ ಒಟ್ಟು 20,73,600 ಆಗುವುವು. ಪ್ರತಿ ಬಿಂದುವಿನ ಬಣ್ಣಕ್ಕೆ 3 ಬೈಟುಗಳಂತೆ, ಸೆಕೆಂಡಿಗೆ 25 ಚಿತ್ರಗಳನ್ನು ಕಳುಹಿಸುವುದಾದರೆ ಲೆಕ್ಕವು 15 ಕೋಟಿ ಬೈಟುಗಳನ್ನು ಮೀರುವುದು. ಮನೆಯ ಇಂಟರ್‌ನೆಟ್ ಸಾಮಾನ್ಯವಾಗಿ ಇಷ್ಟು ಭಾರವನ್ನು ಹೊರಲಾರದು. ಆದುದರಿಂದ ಕ್ಯಾಮೆರಾ ಒಂದು ಉಪಾಯವನ್ನು ಮಾಡುತ್ತದೆ. ಗೋಡೆ, ಗೇಟು, ಮರ ಇವು ಕದಲದೆ ಇರುವಾಗ ಅವನ್ನು ಮತ್ತೆಮತ್ತೆ ಏಕೆ ಕಳುಹಿಸಬೇಕು? ಒಮ್ಮೆ ಪೂರ್ಣ ಚಿತ್ರವನ್ನು ಕಳುಹಿಸಿ, ಅನಂತರ ಬಹುಮಟ್ಟಿಗೆ ಬದಲಾದ ಭಾಗಗಳನ್ನಷ್ಟೇ ಕಳುಹಿಸುವುದು. ಬ್ರೌಸರು ಇವನ್ನು ಜೋಡಿಸಿ ಚಲಿಸುವ ದೃಶ್ಯವನ್ನಾಗಿ ಮಾಡುವುದು. ಈ ಕಟ್ಟುವ, ಸಾಗಿಸುವ, ಬಿಚ್ಚುವ ಕೆಲಸಕ್ಕೆ ಕಾಲ ಬೇಕು. ಆದಕಾರಣ ನಾವು 'ನೇರ' ಎನ್ನುವ ದೃಶ್ಯವೂ ತುಸು ಹಿಂದಿನದೇ.

ಮನೆಯ ಪ್ರತಿಯೊಂದು ಕ್ಯಾಮೆರಾಕ್ಕೂ ರೂಟರು ಒಂದು ಸಂಖ್ಯೆಯ ವಿಳಾಸವನ್ನು ಕೊಡುತ್ತದೆ. ಮನೆಯೊಳಗೆ ಅದನ್ನು ಬ್ರೌಸರಿನಲ್ಲಿ ಬರೆದರೆ ಸಾಕು, ಕ್ಯಾಮೆರಾ ಗುಪ್ತಪದವನ್ನು ಕೇಳಿ ದೃಶ್ಯವನ್ನು ತೋರಿಸುವುದು. ಹೊರಗಿನವರಿಗಾದರೋ ರೂಟರು ದ್ವಾರಪಾಲಕನಂತೆ ನಿಂತಿರುತ್ತದೆ. ಅವರನ್ನು ಒಳಬಿಡಲು ಎರಡು ಮಾರ್ಗಗಳುಂಟು: ರೂಟರಿನಲ್ಲಿಯೇ ಒಂದು ಬಾಗಿಲನ್ನು ತೆರೆದಿಡುವುದು, ಇಲ್ಲವೆ ಕ್ಯಾಮೆರಾ ತಾನಾಗಿ ದೂರದ ಸರ್ವರೊಂದನ್ನು ಸೇರಿಕೊಂಡು, ನೋಡುವವನು ಅಲ್ಲಿಗೆ ಬರುವುದು.

ತೆರೆದ ಬಾಗಿಲಿನಿಂದ ಯಜಮಾನನಂತೆ ಕಳ್ಳನೂ ಬರಬಹುದು. 2016ರಲ್ಲಿ 'ಮಿರಾಯ್' ಎಂಬ ದುಷ್ಟ ಪ್ರೋಗ್ರಾಮು ಕಾರ್ಖಾನೆಯವರು ಇಟ್ಟ ಸುಮಾರು 60 ಗುಪ್ತಪದಗಳನ್ನು ಪ್ರಯೋಗಿಸಿ ಅಸಂಖ್ಯ ಕ್ಯಾಮೆರಾಗಳನ್ನೂ ರೂಟರುಗಳನ್ನೂ ವಶಪಡಿಸಿಕೊಂಡಿತು. ಅದೇ ವರ್ಷದ ಅಕ್ಟೋಬರ್ 21ರಂದು ಇಂತಹ ಉಪಕರಣಗಳ ದಾಳಿಯಿಂದ ಅಮೆರಿಕದ ಅನೇಕ ಪ್ರಸಿದ್ಧ ವೆಬ್‌ಸೈಟುಗಳು ಕೆಲವು ಗಂಟೆಗಳ ಕಾಲ ದೊರೆಯದೆ ಹೋದವು. ಕಾವಲಿಗೆಂದು ನಿಂತ ಕಣ್ಣೇ ಕಳ್ಳನ ಕೈಯಾಯಿತು!

ನಮ್ಮ ಹೈದರಾಬಾದಿನಲ್ಲಿ ಈ ವಿಷಯ ಇನ್ನೂ ಮುಖ್ಯವಾದುದು. ಜನ ಸೇರುವ ಸಂಸ್ಥೆಗಳು ಕ್ಯಾಮೆರಾಗಳನ್ನಿರಿಸಬೇಕೆಂದು ಇಲ್ಲಿ 2013ರ ಕಾಯಿದೆಯುಂಟು. 2022ರ ಆಗಸ್ಟ್ 4ರಂದು ಬಂಜಾರಾ ಹಿಲ್ಸ್‌ನಲ್ಲಿ ಪೊಲೀಸರ ಕಮಾಂಡ್ ಕಂಟ್ರೋಲ್ ಕೇಂದ್ರವು ಉದ್ಘಾಟನೆಯಾಯಿತು. ನಗರದ ಬೀದಿಗಳ ದೃಶ್ಯಗಳನ್ನು ಅಲ್ಲಿ ಒಟ್ಟಿಗೆ ನೋಡುವರು. ಅಪರಾಧಿಯನ್ನು ಹಿಡಿಯಲು ಇದು ಸಹಾಯಕವೆಂಬುದು ನಿಜ. ಆದರೆ ದಾರಿಯಲ್ಲಿ ನಡೆಯುವವರಲ್ಲಿ ಹೆಚ್ಚಿನವರು ನಿರಪರಾಧಿಗಳೆಂಬುದೂ ಅಷ್ಟೇ ನಿಜ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವು ಪ್ರಜೆಯ ಮೂಲಭೂತ ಹಕ್ಕೆಂದು ಸಾರಿತು. ಆ ಹಕ್ಕು ನಮ್ಮ ನೆರೆಯವನಿಗೂ ಉಂಟು.

ಆದುದರಿಂದ, ವಿದ್ಯಾರ್ಥಿಮಿತ್ರರೇ, ನಿಮ್ಮ ಮನೆಯಲ್ಲಿ ಕ್ಯಾಮೆರಾ ಇದ್ದರೆ ಹಿರಿಯರಿಗೆ ಮೂರು ಮಾತುಗಳನ್ನು ತಿಳಿಸಿರಿ. ಕಾರ್ಖಾನೆಯ ಗುಪ್ತಪದವನ್ನು ಆ ದಿನವೇ ಬದಲಾಯಿಸಬೇಕು. ಅದರ ಸಾಫ್ಟ್‌ವೇರನ್ನು ಕಾಲಕಾಲಕ್ಕೆ ಹೊಸದಾಗಿಸಬೇಕು. ಕ್ಯಾಮೆರಾದ ಮುಖವು ನಮ್ಮ ಗೇಟಿನ ಕಡೆಗಿರಬೇಕೇ ಹೊರತು ಎದುರು ಮನೆಯ ಕಿಟಕಿಯ ಕಡೆಗಲ್ಲ. ನೋಡುವ ಶಕ್ತಿಯನ್ನು ಯಂತ್ರವು ಕೊಡುವುದು. ಯಾವುದನ್ನು ನೋಡಬಾರದೆಂಬ ವಿವೇಕವನ್ನು ನಾವೇ ಸಂಪಾದಿಸಬೇಕು.