ಕೋಣೆಯ ಮೂಲೆಯಿಂದ ಮೂಲೆಗೆ ಎಷ್ಟು ದೂರ?

ಪ್ರಶ್ನೆ: ಪೈಥಾಗೊರಸನ ಪ್ರಮೇಯದಿಂದ ಕೋಣೆಯೊಳಗಿನ ಓರೆ ದೂರವನ್ನು ಕಂಡುಹಿಡಿಯಬಹುದೇ?

ಉತ್ತರ: ಪ್ರಮೇಯವನ್ನು ಎರಡು ಬಾರಿ ಬಳಸಿದರೆ ಸಾಧ್ಯ. 12 ಅಡಿ ಉದ್ದ, 9 ಅಡಿ ಅಗಲ, 8 ಅಡಿ ಎತ್ತರದ ಕೋಣೆಯಲ್ಲಿ ನೆಲದ ಕರ್ಣ, ಅಂದರೆ ಎದುರುಬದುರು ಮೂಲೆಗಳನ್ನು ಸೇರಿಸುವ ಗೆರೆ, 144 ಮತ್ತು 81ರ ಮೊತ್ತವಾದ 225ರ ವರ್ಗಮೂಲ, ಎಂದರೆ 15 ಅಡಿ. ಗೋಡೆಗಳು ಕೂಡುವ ನಿಲುವುಗೆರೆಯು ತನ್ನ ಬುಡವನ್ನು ಹಾಯುವ ನೆಲದ ಎಲ್ಲ ಗೆರೆಗಳಿಗೂ ಲಂಬವಾಗಿರುವುದರಿಂದ (ಅವಸರದಲ್ಲಿ ಮರೆತುಹೋಗುವ, ಆದರೆ ಇಡೀ ವಾದಕ್ಕೆ ಆಧಾರವಾದ ಸಂಗತಿಯಿದು) ಆ ಕರ್ಣವೂ ಎತ್ತರವೂ ಇನ್ನೊಂದು ಲಂಬಕೋನ ತ್ರಿಭುಜದ ಬಾಹುಗಳಾಗಿ, ನೆಲದ ಮೂಲೆಯಿಂದ ಎದುರಿನ ಮೇಲ್ಮೂಲೆಗಿರುವ ದೂರ 225 ಮತ್ತು 64ರ ಮೊತ್ತದ ವರ್ಗಮೂಲವಾದ 17 ಅಡಿಯಾಗುತ್ತದೆ. ನೆಲ, ಗೋಡೆಗಳ ಮೇಲಷ್ಟೇ ಹರಿಯಬಲ್ಲ ಇರುವೆಗೆ ಈ ಲೆಕ್ಕ ಸಲ್ಲದು. ಉದ್ದದ ಗೋಡೆಯನ್ನು ನೆಲದ ಮಟ್ಟಕ್ಕೆ ಮಲಗಿಸಿದಂತೆ ಭಾವಿಸಿ, 12 ಅಡಿ ಉದ್ದ ಹಾಗೂ (ಅಗಲ, ಎತ್ತರಗಳ ಮೊತ್ತವಾದ) 17 ಅಡಿ ಅಗಲದ ಆಯತದ ಕರ್ಣವನ್ನು ಕಂಡುಹಿಡಿದರೆ ದೊರೆಯುವ ಸುಮಾರು 20.8 ಅಡಿಯೇ ಅದರ ಅತಿ ಕಿರಿದಾದ ದಾರಿ.